ಅಧ್ಯಕ್ಷೆಯ ಖಾಸಗಿ ನಡಾವಳಿ

ಸಂಕೋಚವೆಂಬುದು ಸಮಾಜದ ಶತ್ರು ಎಂದು ನಾನು ಕಾಲೇಜಿನ ದಿನಗಳಿಂದಲೂ ವಾದಿಸುತ್ತಾ ಬಂದವಳು. ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಈ ವಿಷಯದ ಪರವಾಗಿ ಮಾತನಾಡಿ ಎರಡು ಪಾರಿತೋಷಕಗಳನ್ನೂ, ವಿರುದ್ಧವಾಗಿ ಮಾತನಾಡಿ ಒಂದನ್ನೂ ಗೆದ್ದಿದ್ದೇನೆ. ಹೀಗಿರುವಾಗ ಗಿರಿನಗರದ ನಮ್ಮ ಮಹಿಳಾ ಸಂಘದಲ್ಲಿ 'ಹೆಣ್ಣಿನ ಆರೋಗ್ಯ: ಮೌನ ಮುರಿಯೋಣ' ಎಂಬ ಉಪನ್ಯಾಸವನ್ನು ಕೊಡಲು ಅಧ್ಯಕ್ಷೆಯಾದ ನನಗಿಂತ ಅರ್ಹರು ಯಾರು? ನಾನೇ ಸೂಚಿಸಿದೆ, ನಾನೇ ಅನುಮೋದಿಸಿದೆ.

ಒಂದೇ ಒಂದು ಸಣ್ಣ ತೊಡಕಿತ್ತು. ಎರಡು ವರ್ಷಗಳಿಂದ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಸೋರುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ!

ನಗುವುದನ್ನೇ ಬಿಟ್ಟಿದ್ದೆ. ನನ್ನ ಗಾಂಭೀರ್ಯವನ್ನು ಇಡೀ ಬಡಾವಣೆ ಮೆಚ್ಚುತ್ತಿತ್ತು.

ಕೊನೆಗೊಂದು ದಿನ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಪರಿಚಿತರು ಯಾರೂ ಇಲ್ಲದ ಜೆ.ಪಿ. ನಗರದ ಒಬ್ಬ ವೈದ್ಯೆಯ ಬಳಿ ಹೋದೆ. ಅವರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, "ಮೂತ್ರಚೀಲಕ್ಕೆ ಆಸರೆ ಕೊಡೋ ಸ್ನಾಯು ಸಡಿಲ ಆಗಿದೆ ಅಷ್ಟೇ. ಹೆರಿಗೆ ಆದವರಿಗೆ, ಮುಟ್ಟು ನಿಂತವರಿಗೆ ಇದು ಸಾಮಾನ್ಯ. ಆದ್ರೆ ಸಾಮಾನ್ಯ ಅಂತ ಸಹಿಸ್ಕೊಂಡು ಕೂರೋದು ಬೇಡ, ಚಿಕಿತ್ಸೆ ಇದೆ," ಎಂದರು. "ಮೊದ್ಲು ಮೂರು ದಿನ ಡೈರಿ ಬರೀರಿ. ಏನ್ ಕುಡಿದ್ರಿ, ಯಾವಾಗ ಹೋದ್ರಿ, ಯಾವಾಗ ಲೀಕ್ ಆಯ್ತು, ಎಲ್ಲಾ."

ಬರೆಯುವುದೇನೋ ಸುಲಭ. ಬಚ್ಚಿಡುವುದೆಲ್ಲಿ? ನನ್ನ ಪತಿ ಬೋಂಡಾ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವರು. ಬಹಳ ಯೋಚಿಸಿ, ಸಂಘದ ನಡಾವಳಿ ಪುಸ್ತಕದಂಥದ್ದೇ ಒಂದು ಕೆಂಪು ರಟ್ಟಿನ ಪುಸ್ತಕ ಕೊಂಡು, ಮೇಲೆ ದಪ್ಪಕ್ಷರದಲ್ಲಿ 'ಮಹಿಳಾ ಸಂಘ: ನಡಾವಳಿ' ಎಂದು ಬರೆದೆ. ಹಿಂದಿನ ಸಭೆಯ ನಡಾವಳಿಯನ್ನು ಈ ಭೂಮಂಡಲದಲ್ಲಿ ಯಾರೂ ಸ್ವಇಚ್ಛೆಯಿಂದ ಓದುವುದಿಲ್ಲ. ಈ ಸತ್ಯವನ್ನು ನಾನು ಅನುಭವದಿಂದ ಕಂಡುಕೊಂಡಿದ್ದೆ.

ಸಭೆಯ ದಿನ ಬಂತು. ಉದ್ಯಾನದ ಪಕ್ಕದ ಸಭಾಂಗಣದಲ್ಲಿ ಸುಮಾರು ನಲವತ್ತು ಮಹಿಳೆಯರು. ಪ್ರಾರ್ಥನೆ ಮುಗಿಯಿತು. ಮುಂದಿನ ಕಾರ್ಯಕ್ರಮ ಹಿಂದಿನ ಸಭೆಯ ನಡಾವಳಿಯ ವಾಚನ. ಅಸಲಿ ಪುಸ್ತಕವನ್ನು ತೆಗೆಯಲು ನನ್ನ ಚೀಲಕ್ಕೆ ಕೈಹಾಕಿದೆ. ಅಷ್ಟರಲ್ಲಿ ಬಾಗಿಲಲ್ಲಿ ಹೆಲ್ಮೆಟ್ ಧರಿಸಿದ ನನ್ನ ಪತಿ ಕಾಣಿಸಿಕೊಂಡರು.

"ನಡಾವಳಿ ಪುಸ್ತಕ ಬೀರು ಹತ್ರಾನೇ ಬಿಟ್ಟು ಬಂದಿದೀಯ ಕಣೇ! ಶೈಲಾ ಅವ್ರ ಕೈಗೇ ಕೊಟ್ಟಿದೀನಿ!" ಎಂದು ಕೂಗಿ ಹೇಳಿ, ಸಮಾಜಸೇವೆಯ ತೃಪ್ತಿಯಿಂದ ಸ್ಕೂಟರ್ ಹತ್ತಿ ಹೊರಟೇಹೋದರು.

ನನ್ನ ಕೈಯಲ್ಲೊಂದು ನಡಾವಳಿ. ಬಾಗಿಲಿನಿಂದ ಬಂದು ಮೈಕಿನ ಮುಂದೆ ನಿಂತ ಜಂಟಿ ಕಾರ್ಯದರ್ಶಿ ಶೈಲಾಳ ಕೈಯಲ್ಲೊಂದು ನಡಾವಳಿ. ಸಂಘಕ್ಕಿದ್ದದ್ದು ಒಂದೇ ನಡಾವಳಿ.

ಶೈಲಾ ಗದಗದವಳು. ಅವಳ ಕಂಠಕ್ಕೆ ಮೈಕು ಕೇವಲ ಅಲಂಕಾರ!

ನಾನು ಎದ್ದು ನಿಂತೆ. "ಸಮಯಾಭಾವದ ಕಾರಣ ನಡಾವಳಿಯನ್ನು ಓದಲಾಗಿದೆ ಎಂದೇ ಭಾವಿಸೋಣವೆಂದು ಸಭೆಯನ್ನು ಕೋರುತ್ತೇನೆ."

ಮುಂದಿನ ಸಾಲಿನಿಂದ ಸಂಘದ ಹಿರಿಯ ಸದಸ್ಯೆ ಕಮಲಮ್ಮ ಕೈಯೆತ್ತಿದರು. "ಅದ್ಹೇಗಮ್ಮ ಆಗುತ್ತೆ? ಓದ್ಲೇಬೇಕು ಅಂತ ನೀವೇ ಅಲ್ವಾ ನಿಯಮ ಮಾಡಿದ್ದು?"

"ಹಾಗಾದರೆ ನಾನೇ ಓದುತ್ತೇನೆ."

"ಅಧ್ಯಕ್ಷರು ತಾವ ಓದೂಹಂಗಿಲ್ಲ ಅಂತನೂ ನೀವ ಬರದೀರಿ ಮೇಡಂ," ಎಂದಳು ಶೈಲಾ. ನಾನು ಪುಸ್ತಕ ಕಿತ್ತುಕೊಳ್ಳಲು ಕೈಚಾಚಿದೆ. ಮೈಕು ಸರಿಪಡಿಸಲು ಬಂದೆನೆಂದು ತಿಳಿದು, "ಥ್ಯಾಂಕ್ಸ್ ರೀ ಮೇಡಂ," ಎಂದು ಓದಲಾರಂಭಿಸಿಯೇಬಿಟ್ಟಳು.

"ಬೆಳಿಗ್ಗೆ ಆರು ಹತ್ತಕ್ಕೆ ಒಂದು ಲೋಟ ಕಾಫಿ ಸ್ವೀಕರಿಸಲಾಯಿತು."

ಸಭೆ ತಲೆದೂಗಿತು. ನಮ್ಮ ನಡಾವಳಿಗಳು ಹೀಗೆಯೇ ಆರಂಭವಾಗುತ್ತವೆ.

"ಏಳು ಗಂಟೆಗೆ ಒಗ್ಗರಣೆಯ ಘಾಟಿಗೆ ಸೀನು. ತತ್ಪರಿಣಾಮವಾಗಿ ಸೋರಿಕೆ. ಹನ್ನೊಂದಕ್ಕೆ ಅಕ್ಕಿ ಡಬ್ಬ ಎತ್ತಿದಾಗ ಪುನಃ ಮೂತ್ರ..."

ಶೈಲಾ ನಿಂತಳು. ಜೀವಮಾನದಲ್ಲಿ ಅವಳು ವಾಕ್ಯದ ನಡುವೆ ನಿಂತದ್ದು ಅದೇ ಮೊದಲು. ಅವಳು ನನ್ನನ್ನು ನೋಡಿದಳು. ನಲವತ್ತು ಜನ ನನ್ನನ್ನು ನೋಡಿದರು.

"ಮಾನ್ಯರೇ, ಇದು... ಉಪನ್ಯಾಸಕ್ಕಾಗಿ ಸಿದ್ಧಪಡಿಸಿದ ಒಂದು ಕಾಲ್ಪನಿಕ ಪ್ರಕರಣ," ಎಂದೆ.

ಶೈಲಾ ಪುಟದ ಕೆಳಗೆ ಕಣ್ಣಾಡಿಸಿದಳು. ಸತ್ಯಸಂಧಳಾದ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಇಲ್ಲಿ 'ಗಿರಿನಗರ ಬಸ್‌ಸ್ಟಾಪಿನಲ್ಲಿ ಪತಿಯವರ ಹಾಸ್ಯಕ್ಕೆ ನಗು ತಡೆಯಲಾಯಿತು, ಸೋರಿಕೆ ಇಲ್ಲ' ಅಂತ ಐತಲ್ರೀ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದೇ ಗಳಿಗೆಗೆ ನನ್ನ ಗಂಟಲಲ್ಲಿ ಕೆಮ್ಮೊಂದು ಹುಟ್ಟಿತು! ಮುಷ್ಟಿ ಬಿಗಿದೆ. ಹಲ್ಲು ಕಚ್ಚಿದೆ. ಒಂದು ಕಾಲಿಗೆ ಇನ್ನೊಂದು ಕಾಲನ್ನು ಹೆಣೆದು, ವೇದಿಕೆಯ ಮಧ್ಯದಲ್ಲಿ ಕೊಕ್ಕರೆಯಂತೆ ನಿಂತೆ. ಕೆಮ್ಮು ಬಂದ ದಾರಿಯಲ್ಲೇ ಹಿಂದಿರುಗಿತು. ಮಾನ ಮಾತ್ರ ಹಿಂದಿರುಗಲಿಲ್ಲ.

ಕಮಲಮ್ಮ ಎದ್ದು ನಿಂತರು. ನನ್ನ ರಾಜೀನಾಮೆ ಕೇಳುತ್ತಾರೆಂದುಕೊಂಡೆ. ರಾಜೀನಾಮೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ರಚಿಸತೊಡಗಿದೆ.

"ಕಾಲು ಹೆಣ್ಕೊಂಡು ನಿಂತ್ರಲ್ಲ, ಗೊತ್ತಾಯ್ತು ಬಿಡಿ," ಎಂದರು ಕಮಲಮ್ಮ. "ನಾನೂ ಹಂಗೇ ನಿಲ್ಲೋದು. ಎಷ್ಟೋ ವರ್ಷ ಆಯ್ತು. ಬಸ್ಸಲ್ಲಿ ಏನಾದ್ರೂ ಆದ್ರೆ ಅಂತ ತಂಗಿ ಮಗಳ ಮದುವೆಗೂ ಹೋಗ್ಲಿಲ್ಲ. ಮಂಡಿನೋವು ಅಂತ ಸುಳ್ಳು ಹೇಳ್ದೆ." ಸೆರಗು ಸರಿಮಾಡಿಕೊಂಡು ಶೈಲಾಳತ್ತ ತಿರುಗಿದರು. "ಡಾಕ್ಟ್ರು ಏನಂದ್ರು ಅಂತ ಬರ್ದಿದಾರಾ? ಓದಮ್ಮ."

ಶೈಲಾ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

ಡೈರಿ ತೋರಿಸಿದ ದಿನ ವೈದ್ಯೆ ಹೇಳಿದ್ದನ್ನು ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೆ; ಅವಳು ಅದನ್ನು ಓದಿದಳು. ಹೊಟ್ಟೆಯ ಗಾಳಿ ಹೊರಹೋಗದಂತೆ ತಡೆಯಲು ಬಿಗಿಯುವ ಸ್ನಾಯುಗಳನ್ನೇ ಒಳಗೊಳಗೆ ಬಿಗಿದು, ಐದು ಎಣಿಸಿ, ಅಷ್ಟೇ ಹೊತ್ತು ಸಡಿಲಬಿಡುವುದು. ಉಸಿರು ಕಟ್ಟಬಾರದು. ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಕಾಫಿ ಕಡಿಮೆ ಮಾಡಬೇಕು, ಹೆದರಿ ನೀರು ಬಿಡಬಾರದು. ಇದರಿಂದ ಗುಣವಾಗದಿದ್ದರೆ ಬೇರೆ ಚಿಕಿತ್ಸೆಗಳೂ ಇವೆ.

ಎಲ್ಲರೂ ನೆಟ್ಟಗೆ ಕುಳಿತು ಶೂನ್ಯವನ್ನು ದಿಟ್ಟಿಸುತ್ತಿದ್ದರು. ಆಗಲೇ ಅಭ್ಯಾಸ ಆರಂಭಿಸಿದ್ದಾರೆಂದು ತಿಳಿಯಲು ನನಗೆ ಐದು ಎಣಿಸುವಷ್ಟು ಹೊತ್ತು ಬೇಕಾಯಿತು!

ನಂತರ ಪ್ರಶ್ನೆಗಳ ಸುರಿಮಳೆ. "ನಂಗೆ ಕೆಮ್ಮಿದ್ರೆ ಏನೂ ಆಗಲ್ಲ, ಅರ್ಜೆಂಟ್ ಅನ್ಸಿದ್ರೆ ಬಾತ್‌ರೂಮ್‌ವರೆಗೂ ತಡೆಯಕ್ಕಾಗಲ್ಲ. ಅದೂ ಇದೇನಾ?" ಎಂದು ಒಬ್ಬರು ಕೇಳಿದರು. ಅದು ಬೇರೆ ಬಗೆ, ಅದಕ್ಕೆ ಬೇರೆ ಚಿಕಿತ್ಸೆ, ವೈದ್ಯರಿಗೆ ತೋರಿಸಲೇಬೇಕು ಎಂದೆ. ಎಲ್ಲರಿಗೂ ಜೆ.ಪಿ. ನಗರದ ವಿಳಾಸ ಬೇಕಿತ್ತು. ನನ್ನ ಹದಿನಾಲ್ಕು ಪುಟಗಳ ಉಪನ್ಯಾಸ ಯಾರಿಗೂ ಬೇಕಿರಲಿಲ್ಲ. ವಿಳಾಸ ಬರೆದುಕೊಳ್ಳಲು ಅದರ ಹಾಳೆಗಳನ್ನೇ ಹರಿದು ಹಂಚಿದೆ.

"ಒಂದ್ ಮಾತು," ಎಂದರು ಕಮಲಮ್ಮ. "ಮೌನ ಮುರೀಬೇಕು ಅಂತ ಬೋರ್ಡ್ ಹಾಕ್ಸಿದೀರಿ. ಎರಡು ವರ್ಷ ನೀವ್ಯಾಕೆ ಬಾಯಿ ಬಿಡ್ಲಿಲ್ಲಮ್ಮ?"

ಸಮರ್ಪಕವಾದ ಪ್ರತ್ಯುತ್ತರ ನೀಡಲು ನಾನು ಎದ್ದು ನಿಂತೆ. ಸೆರಗು ಸರಿಪಡಿಸಿಕೊಂಡೆ. ಧ್ವನಿ ಸ್ಪಷ್ಟವಾಗಲೆಂದು ಒಮ್ಮೆ ಕೆಮ್ಮಿದೆ.

ತಕ್ಷಣ ಕುಳಿತುಕೊಂಡೆ.

ಶೈಲಾ ಪೆನ್ನಿನ ಮುಚ್ಚಳ ತೆಗೆದು ನನ್ನತ್ತ ಬಾಗಿದಳು. "ಮೇಡಂ, ಇದನ್ನೂ ಬರಕೊಳ್ಳಲೇನ್ರೀ?"

"ಬರ್ಕೊಳಿ," ಎಂದೆ. "ಟೈಮ್ ಹಾಕೋದು ಮರೀಬೇಡಿ."