ಕುಟುಂಬ ನಂಬರ್ ಏಳು

ಓದಿ ದೊಡ್ಡವನಾದವನಿಗೆ ಒಂದು ಕಷ್ಟವಿದೆ: ತಾನು ಓದಿದ್ದು ಏನೆಂದು ಊರವರಿಗೆ ತಿಳಿಸಿ ಹೇಳುವುದು. ಕಣ್ಣಿನ ಡಾಕ್ಟರಿಗೆ, ಎಲುಬಿನ ಡಾಕ್ಟರಿಗೆ ಈ ತೊಂದರೆಯಿಲ್ಲ. ಬೆರಳು ತೋರಿಸಿದರೆ ಸಾಕು. ನಾನು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಫ್ಯಾಮಿಲಿ ಮೆಡಿಸಿನ್ ವಿಭಾಗದ ಮುಖ್ಯಸ್ಥ. ಎಂಬಿಬಿಎಸ್ ಮುಗಿಸಿ ಬಂದವರಿಗೆ ಮೂರು ವರ್ಷದ ಸ್ನಾತಕೋತ್ತರ ತರಬೇತಿ, ಬೇಕೆಂದವರಿಗೆ ಆಮೇಲೆ ಒಂದು ವರ್ಷದ ಫೆಲೋಶಿಪ್. ಎರಡನ್ನೂ ನಡೆಸುವವನು ನಾನೇ. ಬೀಳಗಿಯ ಬಸ್ಸಿನಲ್ಲಿ ಪಕ್ಕದವರಿಗೆ ಇದನ್ನು ಹೇಳಹೊರಟರೆ, 'ಫ್ಯಾಮಿಲಿ' ಎಂಬಲ್ಲಿಗೇ ತಡೆದು, "ನಮ್ಮನ್ಯಾಗ ಆಗಲೇ ಆಪರೇಶನ್ ಆಗೇತ್ರಿ ಸಾಹೇಬ್ರ" ಎಂದು ಆಚೆ ಸರಿದು ಕೂರುತ್ತಾರೆ. ಕನ್ನಡದಲ್ಲಿ ಬರೆದರೆ ತಿಳಿದೀತೆಂದು 'ಕುಟುಂಬ ವೈದ್ಯ ವಿಭಾಗ' ಎಂದು ಬೋರ್ಡು ಬರೆಸಿದೆ. ಕೆಮ್ಮುತ್ತ ಬಂದ ಹಿಪ್ಪರಗಿಯ ಅಜ್ಜನೊಬ್ಬ ಅದನ್ನು ಓದಿ, "ನನಗ ಎಂಬತ್ತ ದಾಟ್ಯಾವು, ಇನ್ನ ನನ್ನ ತಗೊಂಡ ಏನ್ ಮಾಡ್ತೀರಿ ಬಿಡ್ರಿ" ಎಂದು ಕೆಮ್ಮುತ್ತಲೇ ಹೊರಟುಬಿಟ್ಟ. ಅವನನ್ನು ಹಿಡಿದು ತರಲು ಇಬ್ಬರು ನರ್ಸುಗಳು ಬಸ್ ಸ್ಟ್ಯಾಂಡಿನವರೆಗೆ ಓಡಬೇಕಾಯಿತು.

ಇಷ್ಟಾದರೂ ನನ್ನ ಹೆಮ್ಮೆಗೆ ಕಡಿಮೆಯಿಲ್ಲ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವನು, ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವನು. ಪ್ರತಿ ವರ್ಷ ಹೊಸ ಬ್ಯಾಚು ಬಂದ ದಿನ ಒಂದೇ ಭಾಷಣ ಮಾಡುತ್ತೇನೆ. ನಾಲ್ಕು ಕರೆಂಟಿನ ಮಗ್ಗಗಳು ಖಟಪಟ ಹೊಡೆದುಕೊಳ್ಳುವ ಕೋಣೆಯ ಮೂಲೆಯಲ್ಲಿ ಕುಳಿತು ನಾನು ಓದಿದೆ, ಪಕ್ಕದಲ್ಲಿ ನಿಂತು ಚೀರಿದರೂ ಕೇಳುತ್ತಿರಲಿಲ್ಲ ಎಂದು ಹೇಳಿ, ಸ್ವಲ್ಪ ನಿಲ್ಲುತ್ತೇನೆ. ಚಪ್ಪಾಳೆ ಬೀಳುತ್ತದೆ. ಆ ಮಗ್ಗಗಳ ಮುಂದೆ ನಿಂತಿದ್ದವಳು ನನ್ನ ಅಕ್ಕ ಕಸ್ತೂರವ್ವ. ಭಾಷಣದಲ್ಲಿ ಅವಳ ಹೆಸರೂ ಬರುತ್ತದೆ, ಚಪ್ಪಾಳೆ ಮುಗಿದ ಮೇಲೆ. ಪದವಿ ಪ್ರದಾನದ ದಿನ ನನಗೆ ಸಿಕ್ಕ ಕರಿ ಗೌನಿನ ತೋಳು ಬೆರಳುಗಳನ್ನೂ ನುಂಗಿತ್ತು. ಆ ದಿನದ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದವಳೂ ಅವಳೇ. ನಾನು ಓದಿ ಮೂಲೆಯಿಂದ ಎದ್ದು ಹೋದೆ. ಅವಳು ಮೊನ್ನೆ ಮೊನ್ನೆಯವರೆಗೂ ಅಲ್ಲೇ ನಿಂತಿದ್ದಳು.

ನಮ್ಮ ತರಬೇತಿಯಲ್ಲಿ ನಾನೇ ತಂದ ಒಂದು ಪದ್ಧತಿಯಿದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ಮನೆಗಳ ಜೊತೆ ಮೂರು ವರ್ಷ ಒಡನಾಡಬೇಕು. ಮನೆಗಳನ್ನು ಆಯಾ ಓಣಿಯ ಆಶಾ ಕಾರ್ಯಕರ್ತೆ ಆರಿಸಿಕೊಡುತ್ತಾಳೆ. ದಾಖಲೆ ಪುಸ್ತಕದಲ್ಲಿ ಹೆಸರು ಬರೆಯುವಂತಿಲ್ಲ, ನಂಬರ್ ಮಾತ್ರ. ಕೊನೆಯ ಸಾಲು: 'ಈ ಮನೆಯವರ ಡಾಕ್ಟರು ಯಾರು?' ಪ್ರತಿ ಶನಿವಾರ ಒಬ್ಬರು ಓದಬೇಕು, ನಾನು ತಿದ್ದಬೇಕು. ತಿದ್ದುವುದೆಂದರೆ ನನಗೆ ಹಬ್ಬ.

ಒಂದು ಶನಿವಾರ ಸಾವಳಗಿಯ ಶಿವಲೀಲಾ ಓದಲು ನಿಂತಳು. ಎರಡನೇ ವರ್ಷದವಳು, ಎದುರಿಗೆ ಯಾರಿದ್ದರೂ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. "ಕುಟುಂಬ ನಂಬರ್ ಏಳು, ಬನಹಟ್ಟಿ. ಅರವತ್ತು ದಾಟಿದ ಹೆಣ್ಣುಮಗಳು, ಮಗ್ಗದ ಕೆಲಸ. ಎರಡೂ ಕಿವಿ ಮಂದ. ಮನೆಯವರಿಗೆ ಗೊತ್ತಿಲ್ಲ. ಒಬ್ಬ ತಮ್ಮ ಇದ್ದಾರೆ, ಡಾಕ್ಟರು. ಅವರಿಗೆ ಹೇಳಬೇಡ ಎಂದಿದ್ದಾರೆ."

ನನಗೆ ಸಿಟ್ಟು ಬಂತು. "ಎಂಥಾ ಡಾಕ್ಟರ್ ಅವ? ಒಡಹುಟ್ಟಿದಾಕಿ ಕಿವಿ ಕೇಳೂದಿಲ್ಲಂದ್ರ ಅವನ ಕಣ್ಣರ ಕಾಣಬೇಕೋ ಬ್ಯಾಡೋ?" ಎಂದು ಶುರು ಮಾಡಿದವನು, ಅಂಥವರಿಂದಲೇ ನಮ್ಮ ವೃತ್ತಿಗೆ ಕೆಟ್ಟ ಹೆಸರು ಎಂಬಲ್ಲಿಗೆ ಬಂದು ನೀರು ಕುಡಿದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಶಿವಲೀಲಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಇನ್ನೂ ಐತ್ರಿ ಸರ್, ಓದ್ಲೇನ್ರಿ?"

"ಓದವ್ವ."

"ಐತವಾರಕ್ಕೊಮ್ಮೆ ತಮ್ಮನ ಫೋನ್ ಬರುತ್ತದೆ. ಏನು ಕೇಳುತ್ತಾನೋ ತಿಳಿಯುವುದಿಲ್ಲವಂತೆ. ರೋಗಿಯ ಮಾತಿನಲ್ಲಿ: 'ಅಂವ ಕೇಳೂದ ಮತ್ತೇನಿರತೈತಿ, ಆರಾಮ ಅದೀಯೇನಂತ. ಆರಾಮ ಅದೀನಪಾ ಅಂತ ಇಟ್ಟಬಿಡತೀನಿ.'"

ಐತವಾರಕ್ಕೊಮ್ಮೆ ಫೋನ್ ಮಾಡುವ ಡಾಕ್ಟರ್ ತಮ್ಮಂದಿರು ಬನಹಟ್ಟಿಗೆ ಎಷ್ಟು ಜನ ಇದ್ದಾರು? "ಅಕ್ಕಾ, ಏನ್ ಅಡಿಗಿ ಮಾಡೀದಿ?" ಎಂದು ಕೇಳಿದಾಗಲೂ ಅಕ್ಕ "ಆರಾಮ ಅದೀನಪಾ" ಎಂದಿದ್ದಳು. ಅದನ್ನು ನಾನು ಅವಳ ಸಮಾಧಾನದ ಸ್ವಭಾವವೆಂದು ತಿಳಿದು, ಹೆಂಡತಿಗೆ ಉದಾಹರಣೆ ಕೊಟ್ಟಿದ್ದೆ.

ಎಲ್ಲರೂ ಹೋದ ಮೇಲೆ ಶಿವಲೀಲಾಳನ್ನು ನಿಲ್ಲಿಸಿ ಕೇಳಿದೆ: "ಯಾರವ್ವ ಆ ತಮ್ಮ?"

"ಹೆಸರ ಹೇಳಾಕ ಬರೂದಿಲ್ರಿ ಸರ್. ರೋಗಿ ಒಪ್ಪಿಗಿ ಕೊಟ್ಟಿಲ್ಲ. ನೀವ ಕಲಿಸೀರಿ." ಬಾಗಿಲವರೆಗೆ ಹೋಗಿ ತಿರುಗಿದಳು. "ಗೋಡಿ ಮ್ಯಾಲ ಅವರ ಫೋಟೋ ಐತ್ರಿ. ಗೌನಿನ ತೋಳ ಭಾಳ ಉದ್ದ ಆಗೇತಿ."

ಮರುದಿನ ಬನಹಟ್ಟಿಗೆ ಹೋದೆ. ಅಕ್ಕನ ಮುಂದೆ ಕುಳಿತು, ಓಣಿಗೆಲ್ಲ ಕೇಳುವಂತೆ, "ಯಾಕ ಹೇಳಲಿಲ್ಲ ನನಗ?" ಎಂದು ಕೂಗಿದೆ.

"ಯಾಕ ಚೀರತೀ?" ಎಂದಳು ಅಕ್ಕ. "ಹಿಂಗ ಎದರ ಕುಂತ ಮಾತಾಡಿದ್ರ ತುಟಿ ನೋಡಿ ಎಲ್ಲಾ ತಿಳಕೋತೀನಿ. ಮಗ್ಗದ ಮುಂದ ನಾವ ಮಾತಾಡೂದ ಹಂಗ. ಫೋನಿನ್ಯಾಗ ನಿನ್ನ ತುಟಿ ಎಲ್ಲಿ ಕಾಣತಾವಪಾ?"

'ರೋಗಿಯ ಎದುರಿಗೆ ಕುಳಿತು ಮಾತಾಡಿ' ಎಂಬುದು ನನ್ನ ಮೊದಲ ಪಾಠ. ಅದಕ್ಕೆ ಪರೀಕ್ಷೆಯಲ್ಲಿ ಹತ್ತು ಅಂಕ ಇಟ್ಟಿದ್ದೇನೆ.

ಅಕ್ಕನ ಕಿವಿಯ ಪರೀಕ್ಷೆ ಮಾಡಿಸಿದೆ. ಸದ್ದಿಗೆ ಹೋದ ಕಿವಿ ಮರಳುವುದಿಲ್ಲ. ಮೊದಲೇ ನೋಡಿದ್ದರೆ ಇನ್ನಷ್ಟು ಹೋಗದಂತೆ ತಡೆಯಬಹುದಿತ್ತು. ಇದನ್ನು ನಾನು ನೂರು ಜನರಿಗೆ ಹೇಳಿದ್ದೇನೆ. ಅಕ್ಕನಿಗೆ ಮಾತ್ರ ತಲೆ ತಗ್ಗಿಸಿ ಹೇಳಿದೆ. ಅವಳು ಹೇಗೋ ಓದಿಕೊಂಡಳು. "ಇರ್ಲಿ ಬಿಡು. ನೀ ದೊಡ್ಡ ಡಾಕ್ಟರ್, ನಿನಗ ಪುರಸೊತ್ತ ಎಲ್ಲಿ? ಸಣ್ಣ ಪುಟ್ಟದ್ದಕ್ಕ ನಮಗ ಆ ಸಾವಳಗಿ ಹುಡುಗಿ ಅದಾಳ." ಅಲ್ಲಿಗೆ ಪುಸ್ತಕದ ಕೊನೆಯ ಸಾಲೂ ತುಂಬಿದಂತಾಯಿತು.

ಕಿವಿಯ ಮಿಷನ್ ಇನ್ನೂ ಬರಬೇಕು. ಅಲ್ಲಿಯವರೆಗೆ ಪ್ರತಿ ಐತವಾರ ನಾನೇ ಬಂದು ಎದುರಿಗೆ ಕೂರುತ್ತೇನೆ, ಊಟ ಇಲ್ಲೇ ಎಂದು ಮಾತು ಕೊಟ್ಟೆ. ಮೂರು ವಾರ ಹೋದೆ. ನಾಲ್ಕನೆಯ ಐತವಾರ ನಮ್ಮ ಕೋರ್ಸಿನ ತಪಾಸಣೆಗೆ ಮೇಲಿನವರು ಬಂದರು. ಅವರಿಗೆ ಮನೆಭೇಟಿಯ ಪದ್ಧತಿ ವಿವರಿಸುವ ಗಡಿಬಿಡಿಯಲ್ಲಿ, ರೂಢಿಯಂತೆ ಫೋನ್ ಮಾಡಿ ಹೇಳಿದೆ: "ಅಕ್ಕಾ, ಇವತ್ತ ಬರಾಕ ಆಗೂದಿಲ್ಲ, ಕಾಯಬ್ಯಾಡ."

"ಹೂಂನಪಾ, ಆರಾಮ ಅದೀನಿ" ಎಂದಳು. ನನಗೂ ನಿಶ್ಚಿಂತೆಯಾಯಿತು.

ಸೋಮವಾರ ಶಿವಲೀಲಾಳ ಪುಸ್ತಕ ಮೇಜಿನ ಮೇಲಿತ್ತು. 'ಕುಟುಂಬ ನಂಬರ್ ಏಳು. ನಿನ್ನೆ ಮಧ್ಯಾಹ್ನ ಮೂರಕ್ಕೆ ಹೋದಾಗ ರೋಗಿ ಇನ್ನೂ ಊಟ ಮಾಡಿರಲಿಲ್ಲ. ಕಾರಣ: ತಮ್ಮ ಬರುತ್ತೇನೆಂದು ಫೋನ್ ಮಾಡಿದ್ದಾನೆ.'

ಕೆಳಗೆ ಮುಖ್ಯಸ್ಥರ ಸಹಿಗೆ ಜಾಗ ಬಿಟ್ಟಿದ್ದಳು. ತಿದ್ದಲು ಏನೂ ಇರಲಿಲ್ಲ; ಸಹಿ ಮಾಡಿದೆ.