ಬೀಗರ ಮುಂದೆ ಕೂಲರ್

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನಂಥವರಿಗೆ ಒಂದು ಜಂಬವಿದೆ. ಇಲ್ಲಿನ ಹವೆಯನ್ನು ನಾವೇ ಬೆಳಗ್ಗೆ ಎದ್ದು ಕೈಯಾರೆ ತಯಾರಿಸಿ ಊರಿಗೆಲ್ಲ ಹಂಚುತ್ತಿದ್ದೇವೆ ಅನ್ನುವ ಹಾಗೆ ಮಾತಾಡುತ್ತೇವೆ. ಮಗಳು ಸ್ಫೂರ್ತಿ, ತಾನು ಮೆಚ್ಚಿದ ಶರಣುವಿನ ತಂದೆಯ ಜೊತೆ ನನ್ನನ್ನು ಮೊದಲ ಸಲ ಫೋನಿನಲ್ಲಿ ಮಾತಾಡಿಸಿದಾಗಲೂ ನಾನು ಸುಮ್ಮನಿರಲಿಲ್ಲ. ಅವರು ರಾಯಚೂರಿನವರು. "ನಮ್ಮ ವಿಜಯನಗರದಲ್ಲಿ ಫ್ಯಾನೂ ಬೇಡ ಸಾರ್. ಏಪ್ರಿಲ್‌ನಲ್ಲೇ ಬನ್ನಿ, ಹೊದ್ಕೊಳ್ಳೋಕೆ ನಾವೇ ಕೊಡ್ತೀವಿ" ಎಂದೆ. ಅವರು ನಿಜಕ್ಕೂ ಏಪ್ರಿಲ್‌ನಲ್ಲೇ ಹೊರಟರು.

ಈ ಸಲದ ಏಪ್ರಿಲ್ ನನ್ನ ಮಾನ ಕಳೆಯಲೆಂದೇ ಬಂದಂತಿತ್ತು. ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುತ್ತಿತ್ತು. ಫ್ಯಾನು ಬಿಸಿಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿತ್ತು. ಅವರು ಬರುವ ದಿನ ಸ್ಫೂರ್ತಿ ನನ್ನನ್ನು ಅಡುಗೆಮನೆಗೆ ಕರೆದು, "ಅಪ್ಪಾ, ಶರಣು ಅಮ್ಮಂಗೆ ಇನ್ನೂ ಪೂರ್ತಿ ಮನಸ್ಸಿಲ್ಲ. ಬೆಂಗಳೂರವ್ರದ್ದು ಬರೀ ಬಾಯಿಮಾತಿನ ಉಪಚಾರ ಅಂತಾರಂತೆ. ಇವತ್ತೊಂದಿನ ಕೊಚ್ಕೋಬೇಡಪ್ಪ" ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ಭಯವಾಯಿತು.

ಹೆಂಡತಿ ಸುಮಿತ್ರ ಹಿಂದೊಮ್ಮೆ ಹಟ ಮಾಡಿ ತಂದಿದ್ದ ಏರ್ ಕೂಲರ್ ಸಜ್ಜೆಯ ಮೇಲಿತ್ತು. ಇಂಥದ್ದು ಮನೆಯಲ್ಲಿರುವುದು ಊರಿಗೇ ಅವಮಾನ ಎಂದು ಅದನ್ನು ಅಲ್ಲಿಗೆ ಅಟ್ಟಿದವನು ನಾನೇ. ಈಗ ಇಳಿಸಿ, ಒಳಗಿದ್ದ ಜಿರಳೆಗಳನ್ನು ಒಕ್ಕಲೆಬ್ಬಿಸಿ, ಟ್ಯಾಂಕಿನ ಪಾಚಿ ತಿಕ್ಕಿ, ಹಳೆಯ ಹುಲ್ಲಿನ ಪ್ಯಾಡ್ ಕಿತ್ತು ಹೊಸದು ಕೂರಿಸಿದೆ. ನೀರೆತ್ತುವ ಮೋಟಾರು ಬಹಳ ಹೊತ್ತು ಗೊಣಗಿ ಕೊನೆಗೆ ಒಪ್ಪಿತು. ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಹೋದ ಜೀವ ಬಂತು. ಈ ತಂಪು ಒಂದಿಷ್ಟೂ ಆಚೆ ಹೋಗಬಾರದೆಂದು ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಹಳೇ ಪಂಚೆ ತುರುಕಿದೆ.

"ಉಸಿರು ಕಟ್ಟತ್ತೆ ಕಣ್ರೀ" ಎಂದಳು ಸುಮಿತ್ರ.

"ಮೆಷಿನ್ ವಿಷಯ ನಂಗೆ ಬಿಡು" ಎಂದೆ.

ಬೀಗರಾಗಬೇಕಾದವರು ಬಂದು ಕೂತರು. ಸ್ವಲ್ಪ ಹೊತ್ತಿಗೆಲ್ಲ ನಾವೆಲ್ಲ ಇಡ್ಲಿ ಪಾತ್ರೆಯೊಳಗೆ ಕೂತ ಹಾಗಾಯಿತು. ತಟ್ಟೆಯ ಹಪ್ಪಳ ಮೆತ್ತಗಾಯಿತು. ಶರಣುವಿನ ತಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಕೂಲರಿನ ಸ್ಪೀಡ್ ಏರಿಸಿದೆ. ಅವರು ಇನ್ನಷ್ಟು ಒರೆಸಿಕೊಂಡರು. ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಆಕೆ ದಿಢೀರನೆ ಎದ್ದು ನಿಂತರು. ಸ್ಫೂರ್ತಿಯ ಮುಖ ಬಿಳಿಚಿಕೊಂಡಿತು. ಮಗಳ ಬಾಳಿಗೆ ನಾನೇ ಕಲ್ಲು ಹಾಕಿದೆ ಅಂದುಕೊಂಡೆ.

ಆಕೆ ನೇರ ಹೋಗಿ ಕಿಟಕಿಗಳನ್ನೆಲ್ಲ ತೆರೆದರು. ಪಂಚೆಯನ್ನು ಎಳೆದು ಆಚೆ ಹಾಕಿದರು. ಕೂಲರಿನ ಬೆನ್ನನ್ನು ಒಂದು ಕಿಟಕಿಗೆ ತಿರುಗಿಸಿದರು. "ಕೂಲರ್ ಹಚ್ಚಿದ್ರ ಕಿಟಕಿ ತಗೀಬೇಕ್ರಿ ಅಣ್ಣಾರ. ಹಸೀ ಗಾಳಿ ಹೊರಗ ಹೋಗಬೇಕಲ್ರಿ" ಎಂದರು. ಒಂದೆರಡು ನಿಮಿಷದಲ್ಲೇ ಮನೆ ತಂಪಾಯಿತು. ಆಕೆ ನಗುತ್ತ ಸ್ಫೂರ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದರು. "ಇಷ್ಟು ದಿನ ಈ ಮನ್ಯಾಗ ಹೆಂಗ ಇದ್ದೀ ಅವ್ವಾ? ಲಗೂನ ನಮ್ಮ ಮನೀಗಿ ಬಾ" ಎಂದರು. ನನ್ನ ಕಣ್ಣು ಒದ್ದೆಯಾಯಿತು. ಬೆವರು ಎಂದು ಒರೆಸಿಕೊಂಡೆ.

ಹೊರಡುವಾಗ ಶರಣುವಿನ ತಂದೆ ಚಪ್ಪಲಿ ಮೆಟ್ಟುತ್ತ, ಮುಖ ಗಂಭೀರವಾಗಿಟ್ಟುಕೊಂಡೇ ಹೇಳಿದರು: "ಮದುವಿ ರಾಯಚೂರಾಗ ಇಟ್ಕೊಳ್ಳೂಣ್ರಿ, ಬರೋ ಏಪ್ರಿಲ್‌ದಾಗ. ಹೊದ್ಕೊಳ್ಳಾಕ ನಾವ ಕೊಡ್ತೀವಿ."

ಬೆಂಗಳೂರಿನ ಪರವಾಗಿ ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದೆ. ಮಗಳು ನನ್ನನ್ನೇ ನೋಡುತ್ತಿದ್ದಳು. "ಆಗ್ಲಿ ಸಾರ್" ಎಂದು ಕೈ ಮುಗಿದು, ಒಳಗೆ ಹೋಗಿ ಕೂಲರಿನ ಮುಂದೆ ಕೂತೆ.