ಬಾಗಿಲಾಚೆಯ ಬಿ.ಎಸ್ಸಿ.

ಎಲ್ಲಕ್ಕೂ ಕಾರಣ ಲಕ್ಷ್ಮಯ್ಯನ ಅತ್ತರು. ಕಲ್ಯ ಊರಿನ ಆ ಬೀದಿಯಲ್ಲಿ ಯಾರು ಹೆಣ್ಣು ನೋಡಲು ಹೊರಟರೂ, ಯಾರು ಕೋರ್ಟಿಗೆ ಹೊರಟರೂ ಎದುರು ಮನೆಯ ಲಕ್ಷ್ಮಯ್ಯ ಬುದ್ಧಿ ಹೇಳದೆ ಕಳಿಸುತ್ತಿರಲಿಲ್ಲ. ಅಂದು ಬೆಳಿಗ್ಗೆ ಅನಂತರಾಜು ಇಸ್ತ್ರಿ ಶರ್ಟು ತೊಟ್ಟು ಇಂಟರ್ವ್ಯೂಗೆ ಹೊರಟಿದ್ದನ್ನು ಕಂಡವನೇ, ಮಾಗಡಿಯ ಪೀರ್ ಸಾಬ್ ಅಂಗಡಿಯಿಂದ ತಂದಿದ್ದ ಸೀಸೆ ಹಿಡಿದು ಬಂದುಬಿಟ್ಟ.

"ಕಂಪ್ನಿ ಸಾಹೇಬ್ರುಗೆ ಮೊದ್ಲು ವಾಸ್ನೆ ಹಿಡಿಸ್ಬೇಕು ಕಣ್ಲಾ. ಮಾತು ಆಮೇಕೆ," ಎಂದು, ಬೇಡ ಬೇಡ ಎನ್ನುತ್ತಿದ್ದವನ ಕಾಲರಿಗೆ ಅರ್ಧ ಸೀಸೆ ಸುರಿದ.

ಪಕ್ಕದ ರೇಷ್ಮೆ ಹುಳದ ಮನೆಯ ಕಿಟಕಿಯಿಂದ ಅನಂತರಾಜುವಿನ ತಾಯಿ ಶಿವಲಿಂಗಮ್ಮ ಮುಖ ತೋರಿಸಿದಳು. "ಲೇ, ಇತ್ಲಾಗೆ ಬರ್ಬೇಡ. ಹುಳ ಹಣ್ಣಾಗಿ ಗೂಡಿಗೆ ಬರೋ ಹೊತ್ತು. ಅಲ್ಲಿಂದ್ಲೇ ಹೋಗ್ಬುಡು." ರೇಷ್ಮೆ ಹುಳಕ್ಕೆ ವಾಸನೆ ಆಗದು. ಗೂಡು ಕಟ್ಟುವ ಮುಂಚೆ ಶಿವಲಿಂಗಮ್ಮನ ಹುಳದ ಮನೆಗೆ ಕಾಲು ತೊಳೆಯದೆ ದೇವರೂ ಹೋಗುವಂತಿರಲಿಲ್ಲ. "ಕೆಲ್ಸ ಸಿಕ್ಕಿದ್ರೆ ಸರಿ. ಸಿಕ್ನಿಲ್ಲ ಅಂದ್ರೆ ಇವತ್ತಿಂದ್ಲೇ ನಾನು ಹೇಳಿದ್ದ ಮಾಡ್ಬೇಕು. ಇದೇ ಕೊನೆ," ಎಂದು ಕಿಟಕಿ ಮುಚ್ಚಿದಳು.

ಅನಂತರಾಜು ಮೈಕ್ರೋಬಯಾಲಜಿ ಓದಿದ ಬಿ.ಎಸ್ಸಿ. ರಾಮನಗರ ಹೊಸ ಜಿಲ್ಲೆಯಾಗಿತ್ತು, ಬಿಡದಿ ಕಡೆ ದಿನಕ್ಕೊಂದು ಕಾಂಪೌಂಡು ಏಳುತ್ತಿತ್ತು. ಆದರೂ ಅವನು ಹೋದ ಕಂಪನಿಗಳವರೆಲ್ಲ ಗೇಟಿನಲ್ಲೇ ಅರ್ಜಿ ಇಸಿದುಕೊಂಡು ಗೇಟಿನಿಂದಲೇ ಸಾಗಹಾಕಿದ್ದರು. ಸಂಬಳಕ್ಕಿಂತ ಅವನಿಗೆ ಅದೇ ಉರಿ. ಒಂದು ಸಲವಾದರೂ ಒಳಗೆ ಹೋಗಬೇಕು, ಬಿಳಿ ಗೌನು ತೊಟ್ಟು, ಸೂಕ್ಷ್ಮಜೀವಿ ಬೆಳೆಸುವ ಆ ಉಕ್ಕಿನ ಹಂಡೆಗಳ ಪಕ್ಕ ನಿಲ್ಲಬೇಕು. ಅದನ್ನು ಕೇಳುವುದೇನು ದೊಡ್ಡ ತಪ್ಪೇ?

ಬಸ್ಸಿನಲ್ಲಿ ಅವನ ಪಕ್ಕ ಕೂತವರು ಒಬ್ಬೊಬ್ಬರಾಗಿ ಎದ್ದು ನಿಂತರು. ಕಂಡಕ್ಟರು ಟಿಕೆಟು ಹರಿಯುತ್ತ, "ಮದ್ವೆ ಯಾವ ಛತ್ರದಾಗೆ?" ಎಂದು ಕೇಳಿದ. ಬಿಡದಿ ಆಚೆಯ ಎಂಜೈಮ್ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲುಗಾರ ಫಕ್ರುದ್ದೀನ್ ಎರಡು ಹೆಜ್ಜೆ ಹಿಂದೆ ಸರಿದ.

"ಉರುಸಿನಾಗೂ ಇಷ್ಟು ಅತ್ತರು ಹಾಕಲ್ಲ ಕಣಪ್ಪ. ಒಳಗೆ ವಾಸನೆ ಬಿಡಲ್ಲ, ವಾಪಸ್ ಹೋಗು."

"ವಾಪಸ್ ಹೋಗಕ್ಕೆ ಬಂದಿಲ್ಲ ನಾನು," ಎಂದು ಅನಂತರಾಜು ಗೇಟಿನ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತ. "ವಾಸ್ನೆ ಬ್ಯಾಡ ಅಂದ್ರೆ ತೊಳೀರಿ. ಮನುಷ್ಯನ್ನ ಯಾಕೆ ಕಳಿಸ್ತೀರಿ?"

ಒಳಗೆ ಬರುವ ಲಾರಿಗಳು ನಿಂತು ಹಾರನ್ ಹೊಡೆಯತೊಡಗಿದ ಮೇಲೆ ಆಫೀಸಿನ ಮನೋಹರ್ ಓಡಿ ಬಂದ. ಅನಂತರಾಜುವನ್ನು ಸ್ನಾನದ ಮನೆಗೆ ಕರೆದೊಯ್ದು, ಸೋಪು ಸಾಲದೆ ಸ್ಪಿರಿಟ್ಟಿನಲ್ಲಿ ಕತ್ತು, ಕೈ ಉಜ್ಜಿಸಿದರು. ಶರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು. ಹೀಗಾಗಿ ಉಳಿದವರೆಲ್ಲ ಟೈ ಕಟ್ಟಿಕೊಂಡು ಕೂತಿದ್ದಾಗ ಅವನೊಬ್ಬ ಕಂಪನಿಯದೇ ಬಿಳಿ ಗೌನು, ಟೋಪಿ ಹಾಕಿಕೊಂಡು ಇಂಟರ್ವ್ಯೂಗೆ ಹೋದ. ಅರ್ಧ ಆಸೆ ಅಲ್ಲಿಗೇ ತೀರಿತು.

ಪ್ರೊಡಕ್ಷನ್ ಮ್ಯಾನೇಜರ್ ಹೇಮಶ್ರೀ ನೇರವಾಗಿ ಕೇಳಿದಳು. "ಒಳಗೆ ಹಂಡೆಗಳಲ್ಲಿ ಬ್ಯಾಚ್ ನಡೀತಿದೆ. ಕಂಪನಿ ಮಾಲೀಕರೇ ಬಂದು ಬೂಟ್ ಬಿಚ್ಚಲ್ಲ, ಹಾಗೇ ಬರ್ತೀನಿ ಅಂತಾರೆ. ಏನು ಮಾಡ್ತೀರಿ?"

"ಬಾಗ್ಲು ಹಾಕ್ತೀನಿ."

"ಕೆಲಸದಿಂದ ತೆಗೀತೀನಿ ಅಂದ್ರೆ?"

"ಬ್ಯಾಚ್ ಮುಗೀಲಿ, ಆಮೇಲೆ ತೆಗೀರಿ ಅಂತೀನಿ. ಬಾಗ್ಲು ಮಾತ್ರ ತೆಗೆಯಲ್ಲ."

ಹೇಮಶ್ರೀ ಪೆನ್ನು ಕೆಳಗಿಟ್ಟಳು. ಬೆಳಿಗ್ಗೆಯಿಂದ ಬಂದವರೆಲ್ಲ "ಮಾಲೀಕರಿಗೆ ವಿನಯದಿಂದ ವಿವರಿಸುತ್ತೇನೆ" ಎಂದಿದ್ದರು. "ಈ ಧೈರ್ಯ ಎಲ್ಲಿ ಕಲಿತ್ರಿ?"

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಹೊಗಳಿಕೆ ಕೇಳಿ ಬಾಯಿ ಮುಚ್ಚಿಕೊಂಡ ಗಂಡಸನ್ನು ನಾನಂತೂ ಕಂಡಿಲ್ಲ.

"ನಮ್ಮನೇಲಿ ರೇಷ್ಮೆ ಸಾಕ್ತೀವಿ ಮೇಡಂ. ಬೀಡಿ ವಾಸ್ನೆ ಅಂತ ನಮ್ಮಪ್ಪನ್ನೇ ನಮ್ಮವ್ವ ಹುಳದ ಮನೆಗೆ ಬುಡ್ನಿಲ್ಲ. ಆಫೀಸರು ಜೀಪಲ್ಲಿ ಬಂದ್ರೂ ಆಚೇನೇ ನಿಲ್ಲಿಸಿದ್ಳು."

ಹೇಮಶ್ರೀ ಪಕ್ಕದಲ್ಲಿ ಕೂತಿದ್ದ ಮನೋಹರ್‌ನ ಮುಖ ನೋಡಿದಳು. "ಮನೇಲಿ ಹುಳು ಇದ್ಯಾ? ಹಾಗಾದ್ರೆ ಪ್ರೊಡಕ್ಷನ್‌ಗೆ ತಗೊಳ್ಳೋ ಹಾಗಿಲ್ಲ. ಹುಳದ ಮನೆ ಸೂಕ್ಷ್ಮಜೀವಿಗಳು ಬಟ್ಟೆ, ಕೂದಲಿಗೆ ಅಂಟಿಕೊಂಡು ಬರ್ತವೆ. ಬ್ಯಾಚ್ ಪೂರ್ತಿ ಹಾಳು."

"ನನ್ನನ್ನೂ ಒಳಕ್ಕೆ ಬುಡಲ್ಲ ಮೇಡಂ ನಮ್ಮವ್ವ."

"ಆದ್ರೂ ಒಂದೇ ಮನೆ ಅಲ್ವಾ? ಆದರೆ ನಿಮ್ಮಂಥವರನ್ನ ಕಳ್ಕೊಳ್ಳೋಕೂ ಇಷ್ಟ ಇಲ್ಲ. ಬೇರೆ ಕೆಲಸ ಇದೆ, ಬ್ಯಾಚ್ ರೂಮಿನ ಬಾಗಿಲ ಹೊರಗೆ ನಿಂತು ತಪ್ಪಿ ಬರೋರನ್ನ ತಡೀಬೇಕು. ಒಳ್ಳೆ ಸಂಬಳ, ಯೂನಿಫಾರಂ ಇದೆ. ನಾಳೆಯಿಂದಲೇ ಬನ್ನಿ."

ಅನಂತರಾಜುವಿಗೆ ಕಣ್ಣಲ್ಲಿ ನೀರೇ ಬಂತು, ಸಿಟ್ಟಿಗೆ. ಇಷ್ಟು ತೊಳೆಸಿಕೊಂಡು ಬಂದದ್ದು ಮತ್ತೆ ಆಚೆ ನಿಲ್ಲುವುದಕ್ಕೇ? ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಬಿ.ಎಸ್ಸಿ. ಓದಿದ್ದು ಬಾಗ್ಲು ಕಾಯಕ್ಕಲ್ಲ ಮೇಡಂ. ನಿಮ್ದೇ ಅಲ್ಲ, ಯಾರ ಬಾಗ್ಲನ್ನೂ ಕಾಯಲ್ಲ ನಾನು."

ಚೀಲದ ಶರ್ಟು ಹಾಕಿಕೊಂಡು, ಲಾರಿಗಳ ನಡುವೆ ತಲೆಯೆತ್ತಿಕೊಂಡೇ ಹೊರಬಿದ್ದ. ಫಕ್ರುದ್ದೀನ್ ಅವನಿಗೊಂದು ಸಲ್ಯೂಟು ಹೊಡೆದ. ಊರು ಸೇರುವ ತನಕ ಆ ಬಿಗುಮಾನ ಇಳಿಯಲಿಲ್ಲ. ಕೆಲಸ ಹೋದರೂ ಮರ್ಯಾದೆ ಉಳಿಯಿತಲ್ಲ ಎಂದುಕೊಂಡು ಬಾಯಾರಿ ಮನೆಯಂಗಳಕ್ಕೆ ಕಾಲಿಟ್ಟ.

"ಅಲ್ಲೇ ನಿಂತ್ಕೊ," ಎಂದಳು ಶಿವಲಿಂಗಮ್ಮ. "ಅತ್ತರು ಸಾಲ್ದು ಅಂತ ಆಸ್ಪತ್ರೆ ವಾಸ್ನೆ ಬೇರೆ ಮೆತ್ಕೊಂಡು ಬಂದವ್ನೆ. ಕೆಲ್ಸ?"

"ಬ್ಯಾಡ ಅಂದ್ಬುಟ್ಟು ಬಂದೆ ಕಣವ್ವ."

"ಹಂಗಾರೆ ಮಾತಿನಂಗೆ ನಡ್ಕೊ. ನಿನ್ನ ಇಂಟ್ರೂ ಏನಾಯ್ತು ಅಂತ ಬೆಳಿಗ್ಗಿಂದ ಊರೋರೆಲ್ಲ ಸೀದಾ ಹುಳದ ಮನೆ ಬಾಗ್ಲಿಗೇ ಬತ್ತಾವ್ರೆ. ಒಬ್ಬ ಹೊಗೆಸೊಪ್ಪು, ಇನ್ನೊಬ್ಬ ಬೀಡಿ. ತಕ್ಕೊ ಈ ದೊಣ್ಣೆ. ಗೂಡು ಕಟ್ಟೋಗಂಟ ಈ ಬಾಗ್ಲಲ್ಲಿ ಕೂತ್ಕೊಂಡು ಒಂದು ನರಪಿಳ್ಳೇನೂ ಒಳಕ್ಕೆ ಬುಡ್ಬೇಡ. ನೀನೂ ಬರ್ಬೇಡ."

ಬಾಗಿಲು ಮುಚ್ಚಿಕೊಂಡಿತು. ಒಳಗೆ ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಅನಂತರಾಜು ದೊಣ್ಣೆಯನ್ನು ನೋಡಿದ, ಬಾಗಿಲನ್ನು ನೋಡಿದ, ಆಮೇಲೆ ಜಗಲಿಯ ಮೇಲೆ ಕೂತ.

ಎದುರು ಮನೆಯಿಂದ ಲಕ್ಷ್ಮಯ್ಯ ಪಂಚೆ ಎತ್ತಿ ಕಟ್ಟುತ್ತ ಬಂದ. "ಏನ್ಲಾ, ಕೆಲ್ಸ ಸಿಕ್ತಾ?"

"ಸಿಕ್ತು ಕಣಣ್ಣ," ಎಂದು ಅನಂತರಾಜು ಎದ್ದು ನಿಂತು ದೊಣ್ಣೆಯನ್ನು ಅಡ್ಡ ಹಿಡಿದ. "ಇನ್ನೊಂದ್ ಹೆಜ್ಜೆ ಮುಂದಕ್ಕಿಟ್ಟೀಯ, ಜೋಕೆ."